ಔಷಧವೂ ವ್ರತವೂ

ಆಶ್ವಯುಜ ಬಹುಳ ತ್ರಯೋದಶಿ ಬಂದಿತೆಂದರೆ ನಮ್ಮ ಮನೆಗಳಲ್ಲಿ ನೀರು ತುಂಬುವ ಹಬ್ಬದ ಸಡಗರ. ಬಚ್ಚಲ ಹಂಡೆಯನ್ನು ತೊಳೆದು, ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ, ಬಳ್ಳಿ ಸುತ್ತಿ, ಮರುದಿನದ ಅಭ್ಯಂಗಕ್ಕೆ ನೀರನ್ನು ತುಂಬಿಡುವ ಈ ದಿನವನ್ನೇ ಶ್ರೀಧನ್ವಂತರಿ ಜಯಂತಿಯೆಂದೂ ಆಚರಿಸುತ್ತೇವೆ. ಕ್ಷೀರಸಮುದ್ರದ ಮಥನಕಾಲದಲ್ಲಿ ಅಮೃತಕಲಶವನ್ನು ಹಿಡಿದು ಆವಿರ್ಭವಿಸಿದ ಭಗವದ್ರೂಪವೇ ಧನ್ವಂತರಿಯೆಂದು ಶ್ರೀಮದ್ಭಾಗವತದ ಅಷ್ಟಮಸ್ಕಂಧವು ಸಾರುತ್ತದೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಶ್ರೀಗೋಪಾಲದಾಸರು ಧನ್ವಂತರಿಯನ್ನು ಕುರಿತು ರಚಿಸಿದ ಪದವನ್ನು ನಮ್ಮ ತಾಯಂದಿರು ಹಾಡುವುದು ಇಂದಿಗೂ ಉಂಟು. ಶ್ರೀಹರಿಯೇ ವೈದ್ಯನಾಗಿ ಬಂದನೆಂಬ ಮಾತಿನಿಂದ ಸಾಧಕನಾದ ಗೃಹಸ್ಥನು ತಿಳಿಯಬೇಕಾದುದೇನು?

ಈ ಪ್ರಶ್ನೆಯನ್ನು ಕೇವಲ ವಿಚಾರದ ಕುತೂಹಲದಿಂದ ಎತ್ತುತ್ತಿಲ್ಲ. ಮನೆಯಲ್ಲಿ ಕಾಯಿಲೆ ಬಂದಾಗ ಕಷಾಯವೇ ಸಾಕೋ, ವೈದ್ಯರ ಮಾತ್ರೆ ಬೇಕೋ ಎಂಬುದನ್ನು ನಾವು ಪ್ರತಿದಿನವೂ ನಿರ್ಣಯಿಸುತ್ತಿರುತ್ತೇವೆ. ಆ ನಿರ್ಣಯಕ್ಕೂ ಧರ್ಮಕ್ಕೂ ಸಂಬಂಧವುಂಟೇ? ಉಂಟು ಎಂಬುದನ್ನು ನಾನು ಬಹಳ ತಡವಾಗಿ, ಬೆಲೆ ತೆತ್ತು ಕಲಿತೆ. ಅದನ್ನು ಸಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು. ಮನೆಮದ್ದನ್ನು ಹಳಿಯುವುದು ನನ್ನ ಇಂಗಿತವಲ್ಲ. ನೆಗಡಿಗೆ ಶುಂಠಿ, ಮೆಣಸು, ತುಳಸಿಯ ಕಷಾಯ. ಹೊಟ್ಟೆಯುಬ್ಬರಕ್ಕೆ ಓಮ, ಜೀರಿಗೆ. ದ್ವಾದಶಿಯ ಪಾರಣೆಗೆ ಅಗಸೆಸೊಪ್ಪು, ನೆಲ್ಲಿಕಾಯಿ: ಇವೆಲ್ಲ ಅಜ್ಜಿಯರಿಂದ ನಮಗೆ ಬಂದ ಆಸ್ತಿ. ಅಡಿಗೆಮನೆಯ ಮದ್ದು ಎಷ್ಟು ದೊಡ್ಡ ಕೆಲಸ ಮಾಡಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡಿ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವವು ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ಬೆರೆಸಿದ ನೀರನ್ನು ಕುಡಿಸಿ ಅಸಂಖ್ಯ ಜನರನ್ನು ಉಳಿಸಿದರು. ಇಂದಿಗೂ ಭೇದಿಯಾದ ಮಗುವಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿನಲ್ಲಿ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುವುದು ಪ್ರಾಣರಕ್ಷಕವೇ ಆಗಿದೆ. ಆದ್ದರಿಂದ ದೋಷವು ಮನೆಮದ್ದಿನಲ್ಲಿಲ್ಲ. ಅದನ್ನು ಕೊಡುವವನ ಮನಸ್ಸಿನಲ್ಲಿರಬಹುದು.

ನನ್ನ ತಂದೆಯವರು ನಾಲ್ಕು ದಶಕಗಳ ಕಾಲ ದೇವಾಲಯದ ಅರ್ಚಕರಾಗಿದ್ದವರು. ಅವರಿಗೆ ಮಧುಮೇಹವಿದೆಯೆಂದು ತಿಳಿದಾಗ ವೈದ್ಯರು ಮಾತ್ರೆಗಳನ್ನು ಬರೆದುಕೊಟ್ಟರು. ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಮೇಲೊಂದು ಬಿ.ಎ. ಪದವಿಯನ್ನೂ ಪಡೆದ ನನಗೆ ಆಗ ಎಲ್ಲವೂ ತಿಳಿದಿದೆಯೆಂಬ ಹುಮ್ಮಸ್ಸು. “ಇಂಗ್ಲಿಷ್ ಮದ್ದು ಕೃತ್ರಿಮ, ನಮ್ಮದು ಸ್ವಾಭಾವಿಕ. ಸಾತ್ತ್ವಿಕ ಆಹಾರ, ಏಕಾದಶಿಯ ಉಪವಾಸ ಇವೆರಡಿದ್ದರೆ ಮಧುಮೇಹವೇನು ಮಾಡೀತು?” ಎಂದು ನಾನೇ ವಾದಿಸಿದೆ. ಮಾತ್ರೆಗಳು ನಿಂತವು. ಬೆಳಗ್ಗೆ ನೆನೆಸಿದ ಮೆಂತ್ಯ, ಹಾಗಲಕಾಯಿಯ ರಸ ಮೊದಲಾದವು. ತಂದೆಯವರು ಎಂದಿನಂತೆ ಓಡಾಡಿಕೊಂಡಿದ್ದರು. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಒಮ್ಮೆಯೂ ರಕ್ತವನ್ನು ಪರೀಕ್ಷಿಸಲಿಲ್ಲ. ಸಕ್ಕರೆ ಏರಿದ್ದರೂ ಬಹುಕಾಲ ನೋವಿಲ್ಲದಿರುವುದೇ ಆ ರೋಗದ ಮೋಸವೆಂದು ಆಗ ತಿಳಿದಿರಲಿಲ್ಲ. ಏರಿದ ಸಕ್ಕರೆಯು ಪಾದದ ನರಗಳನ್ನು ಒಳಗೊಳಗೇ ಕೆಡಿಸಿ ಸ್ಪರ್ಶಜ್ಞಾನವನ್ನು ಕಳೆಯುತ್ತದೆ. ಗಾಯವಾದರೆ ಅರಿವಾಗುವುದಿಲ್ಲ, ಬೇಗ ಮಾಯುವುದೂ ಇಲ್ಲ. ಚೈತ್ರದ ಬಿಸಿಲಿನಲ್ಲಿ ಕಾದ ಪ್ರಾಕಾರದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು ತಂದೆಯವರ ಬಲಗಾಲಿನಲ್ಲಿ ಬೊಕ್ಕೆಯೆದ್ದುದು ಅವರಿಗೇ ತಿಳಿಯಲಿಲ್ಲ. ತಾಯಿಯವರು ಮಡಿವಸ್ತ್ರದ ಅಂಚಿನಲ್ಲಿ ರಕ್ತದ ಕಲೆಯನ್ನು ಕಂಡು ಕೂಗಿಕೊಂಡಾಗಲೇ ನಾವು ನೋಡಿದ್ದು. ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆಯಬೇಕಾಯಿತು.

ತಂದೆಯವರು ನನ್ನನ್ನು ಒಂದು ದಿನವೂ ನಿಂದಿಸಲಿಲ್ಲ. ಮನೆಗೆ ಬಂದ ಮೇಲೆ ಒಂದು ಸಂಜೆ ಅವರು ಹೇಳಿದ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. “ನೀನು ಹೇಳಿದ್ದರಿಂದ ಮಾತ್ರೆ ಬಿಟ್ಟೆನೆಂದು ಕೊರಗಬೇಡ. ಬಿಡುವ ಮನಸ್ಸು ನನಗೂ ಇತ್ತು. ಆದರೆ ನೋಡು, ದೇವರ ಬೆಳ್ಳಿ ಪಾತ್ರೆಗಳನ್ನು ಪ್ರತಿರಾತ್ರಿ ಎಣಿಸಿ, ಪುಸ್ತಕದಲ್ಲಿ ಗುರುತು ಹಾಕಿ ಬೀಗ ಹಾಕುತ್ತಿದ್ದೆ. ಒಂದು ಉದ್ಧರಣೆ ಕಾಣದಿದ್ದರೆ ನಿದ್ರೆ ಬರುತ್ತಿರಲಿಲ್ಲ. ಈ ಶರೀರವೂ ಅವನದೇ ಅಲ್ಲವೇ? ಇದರ ಲೆಕ್ಕವನ್ನು ಮಾತ್ರ ಒಂದು ದಿನವೂ ನೋಡಲಿಲ್ಲ.”

ಈ ಮಾತನ್ನು ಮೆಲುಕುಹಾಕಿದಂತೆಲ್ಲ ನಾನು ಎರಡು ತಪ್ಪುಗಳನ್ನು ಮಾಡಿದ್ದೆನೆಂಬುದು ಸ್ಪಷ್ಟವಾಯಿತು. ಔಷಧವನ್ನು ನಿಷ್ಠೆಯ ವಿಷಯವನ್ನಾಗಿ ಮಾಡಿಕೊಂಡದ್ದು ಒಂದು. ವ್ರತವನ್ನು ಔಷಧವನ್ನಾಗಿ ಮಾಡಿಕೊಂಡದ್ದು ಇನ್ನೊಂದು.

ಮೊದಲನೆಯದನ್ನು ವಿಚಾರಿಸೋಣ. ಸ್ವಾಭಾವಿಕವಾದುದೆಲ್ಲ ಹಿತಕರ, ಕೃತ್ರಿಮವಾದುದೆಲ್ಲ ಅಹಿತವೆಂಬ ವಿಭಾಗಕ್ಕೆ ಆಧಾರವೇನು? ಅಮೃತವು ಹುಟ್ಟಿದ ಕಡಲಿನಲ್ಲಿಯೇ ಕಾಲಕೂಟವೂ ಹುಟ್ಟಿತು. ಶ್ರೀವಾಯುದೇವರು ಪಾನಮಾಡಿ ಜೀರ್ಣಿಸಿಕೊಂಡ ಆ ವಿಷವನ್ನು ಯಾರೂ ಕೃತ್ರಿಮವೆನ್ನಲಾರರು. ಇತ್ತ ನಾನು ಕೃತ್ರಿಮವೆಂದು ದೂರವಿರಿಸಿದ ಮೆಟ್‌ಫಾರ್ಮಿನ್ ಎಂಬ ಮಾತ್ರೆಯ ಮೂಲವನ್ನು ಹುಡುಕಿಕೊಂಡು ಹೋದರೆ ಯೂರೋಪಿನ ಹಳ್ಳಿಗರು ಬಳಸುತ್ತಿದ್ದ ಗೆಲೀಗಾ ಎಂಬ ಗಿಡವು ಸಿಗುತ್ತದೆ. ಆ ಗಿಡದಲ್ಲಿದ್ದ ವಸ್ತುವಿನ ಜಾಡನ್ನು ಹಿಡಿದೇ ವಿಜ್ಞಾನಿಗಳು ಈ ಬಗೆಯ ಔಷಧಗಳಿಗೆ ತಲಪಿದರು. ೧೯೨೧ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಬೇರ್ಪಡಿಸಿದ ಇನ್ಸುಲಿನ್ ಅಂತೂ ನಮ್ಮೆಲ್ಲರ ಶರೀರದೊಳಗೆ ಭಗವತ್ಸಂಕಲ್ಪದಿಂದ ಕ್ಷಣಕ್ಷಣವೂ ಸ್ರವಿಸುವ ರಸವೇ. ಮೆಂತ್ಯವೂ ಹಾಗಲಕಾಯಿಯೂ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಹುದು. ಊಟದ ಜೊತೆಗೆ ಅವು ಇರಲಿ. ಆದರೆ ವೈದ್ಯರು ಕೊಟ್ಟ ಔಷಧದ ಸ್ಥಾನವನ್ನು ಅವು ತುಂಬಬಲ್ಲವೆಂಬುದು ಸಿದ್ಧವಾಗಿಲ್ಲ.

“ನಮ್ಮ ಆಯುರ್ವೇದ” ಎಂದು ಅಭಿಮಾನದಿಂದ ಹೇಳಿದ ನಾನು ಆಯುರ್ವೇದದ ಮಾತನ್ನಾದರೂ ಕೇಳಿದೆನೇ? ಮೊದಲು ರೋಗವನ್ನು ಪರೀಕ್ಷಿಸಬೇಕು, ಅನಂತರ ಔಷಧವನ್ನು ವಿಚಾರಿಸಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಯುಕ್ತಿಯಿಂದ ಬಳಸಿದರೆ ವಿಷವೂ ಮದ್ದಾಗುತ್ತದೆ, ಯುಕ್ತಿಯಿಲ್ಲದೆ ಬಳಸಿದರೆ ಮದ್ದೂ ವಿಷವಾಗುತ್ತದೆ ಎಂಬುದೂ ಅಲ್ಲಿಯ ಮಾತೇ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆಯು ನಿಲ್ಲುತ್ತದೆ ಎಂದೂ ಅದು ಹೇಳುತ್ತದೆ. ನಾನು ವೈದ್ಯನನ್ನು ಕಳಚಿ, ಪರಿಚಾರಕನಾದ ನಾನೇ ವೈದ್ಯನ ಪೀಠವನ್ನೇರಿದೆ. ಇದು ಶಾಸ್ತ್ರನಿಷ್ಠೆಯಲ್ಲ, ಶಾಸ್ತ್ರದ ಹೆಸರಿನಲ್ಲಿ ನಡೆದ ಅಹಂಕಾರ.

ಔಷಧದ ಶುದ್ಧಿಯನ್ನು ಕುರಿತು ನಮ್ಮ ಮನೆಗಳಲ್ಲಿ ಏಳುವ ಶಂಕೆಯು ಬೇರೆ. ಅದು ನ್ಯಾಯವಾದುದು, ಅದಕ್ಕೆ ಸಮಾಧಾನವೂ ಉಂಟು. ಕ್ಯಾಪ್ಸೂಲಿನ ಹೊದಿಕೆಯು ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಾಟಿನ್‌ನಿಂದ ಆಗಿರುತ್ತದೆ. ಅದೇ ಔಷಧವು ಮಾತ್ರೆಯ ರೂಪದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳಬಹುದು. ಇನ್ಸುಲಿನ್ನನ್ನು ಹಿಂದೆ ದನ ಮತ್ತು ಹಂದಿಗಳ ಅಂಗದಿಂದ ತೆಗೆಯುತ್ತಿದ್ದುದು ನಿಜ. ೧೯೮೨ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಇಂದು ದೊರೆಯುವುದು ಬಹುಮಟ್ಟಿಗೆ ಅಂತಹುದೇ. ಶಂಕೆಯಿದ್ದಾಗ ಕೇಳಿ ತಿಳಿಯುವುದು ಆಸ್ತಿಕನ ಲಕ್ಷಣ. ಶಂಕೆಯನ್ನು ನೆಪಮಾಡಿಕೊಂಡು ಔಷಧವನ್ನೇ ಬಿಡುವುದು ಆಲಸ್ಯ.

ಇನ್ನು ಎರಡನೆಯ ತಪ್ಪು. ಈಚೆಗೆ ಉಪವಾಸದ ಮಹಿಮೆಯನ್ನು ಹೇಳುವವರು ವಿಜ್ಞಾನದ ಸಾಕ್ಷಿಯನ್ನು ಬಯಸುತ್ತಾರೆ. ೨೦೧೬ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದುದು ಏಕಾದಶಿಯ ಫಲವನ್ನು ಸಾಧಿಸಿದ್ದಕ್ಕಾಗಿಯೇ ಎಂಬಂತೆ ಮಾತನಾಡುವುದನ್ನು ಕೇಳಿದ್ದೇನೆ. ನಾನೂ ಹಾಗೆಯೇ ಹೇಳಿದ್ದೆ. ಅವರು ಯೀಸ್ಟ್ ಎಂಬ ಹುದುಗಿನ ಕಣಗಳು ತಮ್ಮ ಭಾಗಗಳನ್ನು ತಾವೇ ಒಡೆದು ಮತ್ತೆ ಬಳಸಿಕೊಳ್ಳುವ ರೀತಿಯನ್ನು ಕಂಡುಹಿಡಿದವರು, ಏಕಾದಶಿಯನ್ನು ಪರೀಕ್ಷಿಸಿದವರಲ್ಲ. ಅಷ್ಟಕ್ಕೂ ನಮ್ಮ ವ್ರತಕ್ಕೆ ಆ ಸಾಕ್ಷಿಯು ಬೇಕೇ? ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯನ್ನು ಅಷ್ಟು ದೃಢವಾಗಿ ವಿಧಿಸಿದ್ದು ಶ್ರೀಹರಿಯ ಪ್ರೀತಿಗಾಗಿ, ತೂಕ ಇಳಿಯಲೆಂದಲ್ಲ. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಕ್ರಮವಾಗಿ ತ್ಯಜಿಸುವುದೂ ಹಾಗೆಯೇ. ಆರೋಗ್ಯಕ್ಕಾಗಿ ಮಾಡಿದ ಉಪವಾಸವು ಪಥ್ಯವಾದೀತು, ವ್ರತವಾಗದು. ವ್ರತವು ರೋಗವನ್ನು ಕಳೆಯಲೇಬೇಕೆಂದು ಕುಳಿತವನು ದೇವರೊಡನೆ ವ್ಯಾಪಾರಕ್ಕಿಳಿದಂತೆ.

ಹಾಗಾದರೆ ರೋಗಿಯಾದವನು ಏಕಾದಶಿಯಂದು ಏನು ಮಾಡಬೇಕು? ಬೆರಳು ಹೋದ ಮೇಲೆ ತಂದೆಯವರೇ ಈ ಪ್ರಶ್ನೆಯನ್ನು ವೈದ್ಯರಲ್ಲಿ ಎತ್ತಿದರು. ಅವರು ಹೇಳಿದರು: “ಆಚಾರ್ಯರೇ, ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಏನನ್ನೂ ತಿನ್ನದಿದ್ದರೆ ಸಕ್ಕರೆ ಮಿತಿಮೀರಿ ಇಳಿಯುತ್ತದೆ. ಬೆವರು, ನಡುಕ, ತೊದಲು ಮಾತು, ಕೊನೆಗೆ ಎಚ್ಚರ ತಪ್ಪುವುದು. ಲಕ್ಷಣ ಕಂಡೊಡನೆ ಸಕ್ಕರೆ ಬಾಯಿಗೆ ಹೋಗಬೇಕು. ತಿಥಿ ನೋಡುತ್ತ ಕೂರಬಾರದು.” ತಂದೆಯವರು ಅನಂತರ ತಮ್ಮ ಗುರುಗಳನ್ನು ಕೇಳಿದರು. ವ್ರತಕ್ಕೆ ಭಂಗ ತಾರದ ಎಂಟು ವಸ್ತುಗಳನ್ನು ಮಹಾಭಾರತದ ಉದ್ಯೋಗಪರ್ವವು ಹೇಳುವಾಗ ನೀರು, ಹಾಲು, ಹಣ್ಣುಗಳೊಡನೆ ಔಷಧವನ್ನೂ ಗುರುವಚನವನ್ನೂ ಎಣಿಸಿದೆ ಎಂಬುದನ್ನು ಅವರು ನೆನಪಿಸಿದರು. ಶರೀರವನ್ನು ಅಶಾಸ್ತ್ರೀಯವಾಗಿ ಕೃಶಗೊಳಿಸುವವರು ಅದರೊಳಗೆ ನೆಲಸಿದ ತನ್ನನ್ನೂ ಪೀಡಿಸುತ್ತಾರೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ಎಚ್ಚರಿಸಿದುದನ್ನೂ ತಿಳಿಸಿದರು. ಅಂದಿನಿಂದ ತಂದೆಯವರು ವೈದ್ಯರು ಆ ದಿನಕ್ಕೆಂದು ಹೊಂದಿಸಿಕೊಟ್ಟ ಪ್ರಮಾಣದಲ್ಲಿ ಔಷಧವನ್ನೂ, ಗುರುಗಳು ಅನುಮತಿಸಿದ ಹಾಲು ಹಣ್ಣನ್ನೂ ಸ್ವೀಕರಿಸುತ್ತಾರೆ. ನಿರಾಹಾರವಿದ್ದ ವರ್ಷಗಳಲ್ಲಿ ಅವರ ಕಣ್ಣಿನಲ್ಲಿ ಕಾಣದ ನೀರನ್ನು ಆ ಹಾಲಿನ ಲೋಟವನ್ನು ಹಿಡಿದಾಗ ಕಂಡಿದ್ದೇನೆ. ಆರೋಗ್ಯವಂತರು ಈ ರಿಯಾಯಿತಿಯನ್ನು ತಮ್ಮದೆಂದು ಭಾವಿಸಬಾರದೆಂಬುದನ್ನು ಹೇಳಬೇಕಾಗಿಲ್ಲ.

“ಎಲ್ಲವೂ ಹರಿಯ ಅಧೀನವಾಗಿರುವಾಗ ಮಾತ್ರೆಯಿಂದೇನು?” ಎಂದು ಕೇಳುವವರುಂಟು. ಜೀವನು ಸ್ವತಂತ್ರನಲ್ಲ, ನಿಜ. ಆದರೆ ಅವನಿಗೆ ಕರ್ತೃತ್ವವೇ ಇಲ್ಲವೆಂದು ನಮ್ಮ ಸಿದ್ಧಾಂತವು ಹೇಳುವುದಿಲ್ಲ. ಪರಾಧೀನವಾದರೂ ಕರ್ತೃತ್ವವಿದ್ದುದರಿಂದಲೇ ವಿಧಿನಿಷೇಧಗಳಿಗೆ ಅರ್ಥವಿದೆ. ಅನ್ನದಲ್ಲಿದ್ದು ಹಸಿವನ್ನು ನೀಗಿಸುವವನೇ ಔಷಧದಲ್ಲಿದ್ದು ರೋಗವನ್ನು ನೀಗಿಸುವವನು. ಹರಿಯ ಮೇಲೆ ಭಾರಹಾಕಿ ಊಟವನ್ನು ಬಿಡದವನು ಔಷಧವನ್ನು ಮಾತ್ರ ಬಿಡುವುದು ಭಕ್ತಿಯೆನಿಸದು. ಮಾತ್ರೆಯೇ ತನ್ನನ್ನು ಬದುಕಿಸಿತೆಂದು ಬೀಗುವವನೂ ಅಷ್ಟೇ ದೂರ ಸರಿದಿದ್ದಾನೆ.

ಈಗ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಕಷಾಯದ ಪಾತ್ರೆ ಒಲೆಯ ಮೇಲೆ ಏರುತ್ತದೆ, ಮೆಂತ್ಯವೂ ನೆನೆಯುತ್ತದೆ. ಆದರೆ ಏನನ್ನು ಸೇವಿಸುತ್ತಿದ್ದೇವೆಂಬುದನ್ನು ವೈದ್ಯರಿಂದ ಮುಚ್ಚಿಡುವುದಿಲ್ಲ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯನ್ನು ತಪ್ಪಿಸುವುದಿಲ್ಲ. ರಾತ್ರಿ ಮಲಗುವ ಮುನ್ನ ತಂದೆಯವರ ಎರಡೂ ಪಾದಗಳನ್ನು ತೊಳೆದು, ಒರಸಿ, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನಾನೇ ನೋಡುತ್ತೇನೆ. ಉಳಿದ ಒಂಬತ್ತು ಬೆರಳುಗಳನ್ನು ಎಣಿಸುವಾಗ ಬೆಳ್ಳಿ ಪಾತ್ರೆಗಳ ಲೆಕ್ಕದ ಪುಸ್ತಕ ನೆನಪಾಗುತ್ತದೆ. ನಮ್ಮ ವಶಕ್ಕೆ ಕೊಟ್ಟ ವಸ್ತುವನ್ನು ಒಡೆಯನಿಗೆ ಒಪ್ಪಿಸುವವರೆಗೆ ಜೋಪಾನ ಮಾಡುವುದೂ ಅವನ ಸೇವೆಯೇ. ಈ ಧನ್ವಂತರಿ ಜಯಂತಿಯಂದು ಹಂಡೆಗೆ ನೀರು ತುಂಬಿದ ಮೇಲೆ, ಮನೆಯ ಹಿರಿಯರ ಪಾದಗಳನ್ನು ಮುಟ್ಟಿ ನಮಸ್ಕರಿಸುವಾಗ, ಆ ಪಾದಗಳನ್ನು ಒಮ್ಮೆ ಕಣ್ಣಾರೆ ನೋಡಿರೆಂದು ಪ್ರಾರ್ಥಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥