ಬಿದ್ದವರನ್ನು ಕಂಡು ನಗುವುದು

ಕಳೆದ ಬೇಸಗೆಯಲ್ಲಿ ರಾಮನಾಥಪುರಕ್ಕೆ ಹೋಗಿದ್ದೆ. ಕಾವೇರಿಗೆ ಇಳಿಯುವ ಮೆಟ್ಟಲ ಮೇಲೆ ಕುಳಿತು ಮೀನುಗಳಿಗೆ ಪುರಿ ಎಸೆಯುತ್ತಿದ್ದಾಗ, ಚೊಂಬು ಹಿಡಿದು ಮೇಲೇರುತ್ತಿದ್ದ ವೃದ್ಧರೊಬ್ಬರು ಪಾಚಿಯ ಮೇಲೆ ಕಾಲಿಟ್ಟು ಜಾರಿ ಕುಳಿತುಬಿಟ್ಟರು. ಚೊಂಬು ಠಣಠಣನೆ ಉರುಳಿ ಹೊಳೆ ಸೇರಿತು. ನಾನು ಗೊಳ್ಳೆಂದು ನಕ್ಕೆ. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಅವರು ಎದ್ದು, ನನ್ನತ್ತ ತಿರುಗಿ, "ಪಾಚಿ ಇದೆ ಸ್ವಾಮಿ, ನೋಡಿಕೊಂಡು ಹತ್ತಿ" ಎಂದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬಿದ್ದವರನ್ನು ಕಂಡು ನಗುವುದು ಪಾಪವೆ? ಪಾಪವೆನ್ನುವುದಾದರೆ ಚಕ್ ಜೋನ್ಸನ ಗತಿಯೇನು? 1912ರಲ್ಲಿ ಹುಟ್ಟಿದ ಈ ಅಮೆರಿಕದ ನಿರ್ದೇಶಕ ಬೀಳುವವರ ಚಿತ್ರಗಳಿಂದಲೇ ಲೋಕವನ್ನು ನಗಿಸಿದವನು. 1949ರಲ್ಲಿ ಅವನು ತೆರೆಗೆ ತಂದ ಕಯೋಟಿ ಎಂಬ ತೋಳ, ಓಡುವ ಹಕ್ಕಿಯೊಂದನ್ನು ಹಿಡಿಯಲು ಹೂಡದ ಹಂಚಿಕೆಯಿಲ್ಲ, ಉರುಳದ ಪ್ರಪಾತವಿಲ್ಲ. ಆದರೆ ಗಮನಿಸಿ: ಹಕ್ಕಿ ಅವನನ್ನು ನೂಕುವುದಿಲ್ಲ, ಅವನನ್ನು ಬೀಳಿಸುವುದು ಅವನದೇ ಹಟ. ಪೆಟ್ಟಿಗಿಂತ ಅವನಿಗೆ ಆಗುವ ಅವಮಾನವೇ ಹೆಚ್ಚು. ಸಲಕರಣೆ ಕೈಗೆತ್ತಿಕೊಂಡರೆ ಎಡವಟ್ಟು ಮಾಡುವ ಆ ತೋಳ ತಾನೇ ಎಂದು ಜೋನ್ಸ್ ಒಪ್ಪಿಕೊಂಡಿದ್ದ. ಅವನೂ ಬಿದ್ದವನೇ. ಒಪ್ಪಂದ ಮೀರಿ ಬೇರೆಯವರ ಚಿತ್ರಕ್ಕೆ ದುಡಿದನೆಂದು 1962ರಲ್ಲಿ ವಾರ್ನರ್ ಸಂಸ್ಥೆ ಅವನನ್ನು ಹೊರಹಾಕಿತು. ಎದ್ದು ಬೇರೆಡೆ ಕುಳಿತು 1965ರಲ್ಲಿ ಮಾಡಿದ, ಚುಕ್ಕಿ ಮತ್ತು ಗೆರೆಯ ಪ್ರೇಮಕಥೆಯ ಚಿತ್ರಕ್ಕೆ ಆಸ್ಕರ್ ಬಂತು.

ಇದು ನಮಗೆ ಹೊಸದೇನಲ್ಲ. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆ ನುಗ್ಗಿ ನಗಿಸುವವನು ಕಿಳ್ಳೇಕ್ಯಾತ. ಗೊಂಬೆಯಾಡಿಸುವ ಸಮುದಾಯದ ಹೆಸರೂ ಅದೇ! 2025ರಲ್ಲಿ ಪದ್ಮಶ್ರೀ ಗೌರವ ಪಡೆದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವನವರು ಶಿಳ್ಳೇಕ್ಯಾತರ ಮನೆತನದವರು. ರಾಮನ ಹೆಸರಲ್ಲ, ವಿದೂಷಕನ ಹೆಸರನ್ನು ಹೊತ್ತು ಊರೂರು ತಿರುಗಿದ ಜನ ಅವರು. ಪರದೆಯ ಈಚೆ ನಾವು ನಗುವಾಗ, ಆಚೆ ನಿಂತವರು ಆ ನಗೆಯನ್ನು ತಮ್ಮ ಹೆಸರಿನ ಮೇಲೆಯೇ ಹೊತ್ತಿರುತ್ತಾರೆ.

ಆದುದರಿಂದ ಪಾಪವಿರುವುದು ನಗೆಯಲ್ಲಲ್ಲ, ನಗುವವನು ನಿಂತ ಜಾಗದಲ್ಲಿ ಎಂದು ನನಗೆ ತೋರುತ್ತದೆ. 'ನಾನು ಬೀಳುವವನಲ್ಲ' ಎಂಬ ಎತ್ತರದಿಂದ ನಕ್ಕರೆ ಅದು ಕ್ರೌರ್ಯ. 'ಇವನು ನಾನೇ' ಎಂದು ನಕ್ಕರೆ ಅದು ನಂಟು. ಅಂದು ನಾನು ನಕ್ಕದ್ದು ಮೊದಲನೆಯ ನಗು.

ಹಿಂದಿರುಗುವಾಗ ಪಂಚೆ ಎತ್ತಿ ಕಟ್ಟಿ, ಎರಡು ಕೈಯನ್ನೂ ಊರಿ, ಮಗುವಿನಂತೆ ಮೆಟ್ಟಲು ಹತ್ತಿದೆ. ಆ ವೃದ್ಧರು ಮೇಲೆ ನಿಂತು ನೋಡುತ್ತಿದ್ದರು. ನಗುವ ಸರದಿ ಅವರದಾಗಿತ್ತು. ನಗಲಿಲ್ಲ, ಕೈ ನೀಡಿದರು.