ಗುಡ್ಡವು ಯಾರ ಸೊತ್ತು?

"ಇದು ನನ್ನದು" ಎಂಬ ಮಾತನ್ನು ಮನುಷ್ಯನು ಹೊಲ, ಮನೆ, ಎತ್ತುಗಳ ವಿಷಯವಾಗಿ ಆಡಿದಾಗ ಕೇಳಿದವರಿಗೆ ಅದರ ಅರ್ಥವು ಕೂಡಲೆ ತಿಳಿಯುವದು. ಹೊಲಕ್ಕೆ ಉತಾರೆಯುಂಟು, ಮನೆಗೆ ಗೋಡೆಯುಂಟು, ಎತ್ತಿಗೆ ಹಗ್ಗವುಂಟು. ಅದೇ ಮಾತನ್ನು ಒಂದು ಗುಡ್ಡದ ವಿಷಯವಾಗಿ ಆಡಿದರೆ, ಆಡಿದವನು ಅರಸನೇ ಆಗಿರಲಿ, ಕಂಪನಿಯೇ ಆಗಿರಲಿ, ಸರಕಾರವೇ ಆಗಿರಲಿ, ಕೇಳುವವನ ಮನಸ್ಸಿನಲ್ಲಿ ಏನೋ ಒಂದು ಅಳುಕು ಹುಟ್ಟದೆ ಇರದು. ಆ ಅಳುಕು ಬರಿಯ ಭಾವನೆಯೋ, ಅಥವಾ ಅದರಲ್ಲಿ ನ್ಯಾಯದ ಅಂಶವೇನಾದರೂ ಇರುವದೋ ಎಂಬುದು ವಿಚಾರಿಸತಕ್ಕ ಸಂಗತಿಯು. ಗದಗಿನ ಸೀಮೆಯವರಿಗಂತೂ ಇದು ಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿದಿಲ್ಲ.

ಮುಂಡರಗಿ ತಾಲೂಕಿನ ಡೋಣಿಯು ಕಪ್ಪತಗುಡ್ಡದ ಮಗ್ಗುಲಲ್ಲಿರುವ ಊರು. ಗದಗಿನ ಹತ್ತಿರದ ಬಿಂಕದಕಟ್ಟಿಯ ಕಡೆಯಿಂದ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನವರೆಗೆ ಸುಮಾರು 60 ಕಿಲೋಮೀಟರು ಹಬ್ಬಿದ ಈ ಗುಡ್ಡದ ಸಾಲು ಬಯಲುಸೀಮೆಯ ನಡುವೆ ಒಂಟಿಯಾಗಿ ಎದ್ದು ನಿಂತಿರುವದು. ಎಪ್ಪತ್ತು ಗಿರಿಗಳನ್ನು ನೋಡುವದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವದು ಲೇಸೆಂದು ಆ ಸೀಮೆಯ ಜನರು ಹೇಳಿಕೊಳ್ಳುವರು. ಇದರಲ್ಲಿ ಊರಾಭಿಮಾನವು ತುಸು ಹೆಚ್ಚಾಗಿಯೇ ಇದ್ದೀತು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಗಾಳಿಗುಂಡಿಯ ಬಸವಣ್ಣನ ಬಳಿ ನಿಂತು ಸುತ್ತಲೂ ನೋಡಿದವರು ಆ ಮಾತನ್ನು ತಿದ್ದಲು ಹೋಗುವದಿಲ್ಲ. ಗುಡ್ಡದ ಮೈಮೇಲೆ ಶತಾವರಿ ಮೊದಲಾದ ಔಷಧಿಯ ಬೇರುಬಳ್ಳಿಗಳುಂಟು. ಪೊದೆಗಳಲ್ಲಿ ತೋಳ, ಕತ್ತೆಕಿರುಬ, ನಾಲ್ಕು ಕೊಂಬಿನ ಜಿಂಕೆಗಳುಂಟು. ಗುಡ್ಡದ ಹೊಟ್ಟೆಯಲ್ಲಿ ಬಂಗಾರವುಂಟು. ತೊಡಕೆಲ್ಲವೂ ಈ ಕೊನೆಯ ಮಾತಿನಿಂದ ಹುಟ್ಟಿದ್ದು.

ಈ ಬಂಗಾರವನ್ನು ಮೊದಲು ಕಂಡವರು ಭೂಗರ್ಭಶಾಸ್ತ್ರಜ್ಞರಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು ಡಂಬಳದ ಗುಡ್ಡಗಳ ಬಂಗಾರದ ಶಿಲೆಗಳನ್ನು ಕುರಿತು 1874ರಲ್ಲಿ ಬರೆದನು. ಅದಕ್ಕೂ ಬಹಳ ಹಿಂದಿನಿಂದ ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಜಲಗಾರರು ಉಸುಕು ತೊಳೆದು ಬಂಗಾರದ ಕಣಗಳನ್ನು ಆಯುತ್ತಿದ್ದರು. ಮಳೆ ಹೊಯ್ದು, ಹಳ್ಳ ತುಂಬಿ ಹರಿದು ಇಳಿದ ಮೇಲೆ ಇವರ ಕೆಲಸ. ನೀರು ಗುಡ್ಡದಿಂದ ಏನನ್ನು ತಂದು ಕೊಟ್ಟಿತೋ ಅಷ್ಟನ್ನೇ ಮರಿಗೆಯಲ್ಲಿ ತೊಳೆದು ತೆಗೆದುಕೊಳ್ಳುವದು; ಅಕ್ಕಸಾಲಿಗರ ಅಂಗಡಿಯ ಮುಂದಿನ ಧೂಳನ್ನೂ ಅದೇ ತಾಳ್ಮೆಯಿಂದ ತೊಳೆಯುವದು. ಇದರಿಂದ ಯಾವ ಜಲಗಾರನೂ ಸಾವುಕಾರನಾಗಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೀಷ ಕಂಪನಿಗಳು ಬಂದು ಅಲ್ಲಲ್ಲಿ ಗಣಿ ತೋಡಿಸಿ, ಗಿಟ್ಟದೆ ಬಿಟ್ಟುಹೋದವು.

ಜಲಗಾರನೂ ಬಂಗಾರವನ್ನು ಬಯಸಿದನು, ಕಂಪನಿಯೂ ಬಯಸಿತು. ಇವನು ನಿರ್ಲೋಭಿ, ಅದು ಲೋಭಿಯೆಂದು ಹೇಳಿಬಿಡುವದು ಸುಲಭ; ಅದು ನ್ಯಾಯವಲ್ಲ. ಜಲಗಾರನ ಕೈಯಲ್ಲಿ ದೊಡ್ಡ ಯಂತ್ರವಿದ್ದಿದ್ದರೆ ಅವನೂ ಗುಡ್ಡವನ್ನು ಬಗೆಯುತ್ತಿರಲಿಲ್ಲವೆಂದು ಯಾರು ಆಣೆಯಿಟ್ಟು ಹೇಳಬಲ್ಲರು? ಭೇದವಿರುವದು ಅವರ ಮನಸ್ಸಿನಲ್ಲಲ್ಲ, ಅವರು ತೆಗೆದುಕೊಂಡ ರೀತಿಯಲ್ಲಿ. ಜಲಗಾರನು ತೊಳೆದುಹೋದ ಹಳ್ಳಕ್ಕೆ ಮರುವರ್ಷ ಅವನ ಮಗನು ಬರಬಹುದಾಗಿತ್ತು. ಬೇರು ಅಗೆಯುವ ವೈದ್ಯನು ಬುಡದಲ್ಲೊಂದು ಗಡ್ಡೆಯನ್ನು ಬಿಟ್ಟುಬರುವನು. ಗಣಿಯಾದರೋ, ಒಂದು ಟನ್ನು ಕಲ್ಲನ್ನು ಪುಡಿಮಾಡಿ ಅದರೊಳಗಿನ ಕೆಲವೇ ಗ್ರಾಂ ಬಂಗಾರವನ್ನು ತೆಗೆದ ಬಳಿಕ ಉಳಿದ ಕಲ್ಲುಹುಡಿಯನ್ನೆಲ್ಲ ಹೊರಗೆ ಒಟ್ಟುವದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಸಯನೈಡಿನ ಆ ದಿಬ್ಬಗಳ ಧೂಳು ಮಾತ್ರ ಗಾಳಿ ಎದ್ದಾಗಲೆಲ್ಲ ಊರಿನೊಳಗೆ ಬರುವದು.

ಹಾಗಾದರೆ ಮುಂದೆ ಬರುವವನಿಗಾಗಿ ಈಗಿನವನು ಬಿಡಬೇಕೆಂಬುದಕ್ಕೆ ಆಧಾರವೇನು? ಇನ್ನೂ ಹುಟ್ಟದವನಿಗೆ ಹಕ್ಕು ಎಲ್ಲಿಯದು? ಇದನ್ನು ಪಶ್ಚಿಮದ ಹೊಸ ತತ್ತ್ವವೆಂದು ತಿಳಿಯುವವರುಂಟು. ಆದರೆ ಇದರ ಉತ್ತರವನ್ನು ಬರೆದಿಟ್ಟವನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು. ಪಿತ್ರಾರ್ಜಿತ ಸೊತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದೆಂದು ಅವನ ಮಿತಾಕ್ಷರೆಯ ನಿರ್ಣಯ. ಗರ್ಭದಲ್ಲಿರುವವರ, ಇನ್ನೂ ಹುಟ್ಟದವರ ಜೀವನೋಪಾಯವನ್ನು ಸಹ ಎಣಿಕೆಗೆ ತಂದುಕೊಂಡು, ತಂದೆಯು ಸ್ಥಿರಾಸ್ತಿಯನ್ನು ಮನಬಂದಂತೆ ಪರಭಾರೆ ಮಾಡಲಾಗದೆಂಬ ವಿಚಾರವು ಅಲ್ಲಿದೆ. ತಾನೇ ಗಳಿಸಿದ್ದು ಬೇರೆ, ಹಿಂದಿನಿಂದ ಬಂದದ್ದು ಬೇರೆ. ಈಗ ವಾಚಕರು ಯೋಚಿಸಬೇಕು: ಗುಡ್ಡವನ್ನು ಗಳಿಸಿದವರು ಯಾರು? ಯಾರೂ ಅಲ್ಲ. ಅಂದ ಮೇಲೆ ಜಗತ್ತಿನಲ್ಲಿ ಪಿತ್ರಾರ್ಜಿತವೆಂಬುದು ಯಾವದಾದರೂ ಇದ್ದರೆ ಅದು ಗುಡ್ಡವೇ ಸರಿ. ಅದನ್ನು ಆಳುವವರು ಒಕ್ಕಲುತನದ ಮನೆಯ ಯಜಮಾನನಂತೆ ಅದರ ವಹಿವಾಟು ನೋಡತಕ್ಕವರೇ ಹೊರತು ಮಾರತಕ್ಕವರಲ್ಲ.

ವಿಜ್ಞಾನೇಶ್ವರನು ಬದುಕಿದ್ದ ಕಾಲದಲ್ಲಿಯೇ, 1095ರ ಸುಮಾರಿಗೆ, ಡೋಣಿಯಿಂದ ದೂರವಲ್ಲದ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಒಂದು ಬೌದ್ಧವಿಹಾರವನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಶಾಸನವು ತಿಳಿಸುವದು. ತಾರಾದೇವಿಯ ಪೂಜೆಗೂ ಭಿಕ್ಷುಗಳ ಅನ್ನಕ್ಕೂ ದತ್ತಿಗಳಾದವು. ಇಂಥ ದತ್ತಿಗಳು ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂದು ಬರೆಯಿಸುವದು ಆ ಕಾಲದ ರೂಢಿ. ಚಂದ್ರಸೂರ್ಯರು ಇರುವರು, ವಿಹಾರವಿಲ್ಲ, ಭಿಕ್ಷುಗಳೂ ಇಲ್ಲ. ಆದರೂ ಆ ಸೆಟ್ಟಿಗಳ ಮಾತು ವ್ಯರ್ಥವಾಯಿತೆನ್ನಲು ಮನಸ್ಸು ಒಪ್ಪದು. ತಾವು ಕಾಣದ ಕಾಲದ ಮುಖ ನೋಡಿ ವ್ಯವಹರಿಸಿದವರು ಅವರು. ಅದೇ ನಾಡಿನಲ್ಲಿ 2015ರ ಡಿಸೆಂಬರದಲ್ಲಿ ಕಪ್ಪತಗುಡ್ಡದ 17,872 ಹೆಕ್ಟೇರು ಕಾಡನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿದ ಸರಕಾರದ ಆಜ್ಞೆಯು ಮರುವರ್ಷದ ನವಂಬರದಲ್ಲಿ ಹಿಂತೆಗೆಯಲ್ಪಟ್ಟಿತು. ಒಂದು ವರ್ಷವೂ ತುಂಬಲಿಲ್ಲ.

ಆಗ ಗುಡ್ಡದ ಪರವಾಗಿ ಎದ್ದವರು ಯಾರೆಂಬುದು ನೋಡತಕ್ಕದ್ದು. ಅದಕ್ಕೂ ಮೊದಲು, 2011ರಲ್ಲಿ, ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಗಾಗಿ ರೈತರ ಭೂಮಿಯನ್ನು ತೆಗೆದುಕೊಳ್ಳುವ ಹವಣಿಕೆ ನಡೆದಾಗ, ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದಾಳಾದರು. ಆ ವರ್ಷದ ಜುಲೈದಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ಕೆಲಸವು ಕಠಿಣವಾಗಿದ್ದರೂ ನ್ಯಾಯವು ಸರಳವಾಗಿತ್ತು: ಹೊಲದ ಒಡೆಯನು ಒಲ್ಲೆನೆಂದನು. ಗುಡ್ಡಕ್ಕೆ ಹಾಗೆ ಒಲ್ಲೆನೆನ್ನುವ ಒಡೆಯನಿಲ್ಲ. 2017ರ ಫೆಬ್ರುವರಿಯಲ್ಲಿ ಅದೇ ಸ್ವಾಮಿಗಳು, ಎಸ್. ಆರ್. ಹಿರೇಮಠರು, ಗುಡ್ಡದ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಹಳ್ಳಿಹಳ್ಳಿಗಳಿಂದ ಬಂದ ಜನರು ಗದಗಿನಲ್ಲಿ ಅಹೋರಾತ್ರಿ ಧರಣಿ ಕುಳಿತರು. ಇವರಲ್ಲಿ ಒಬ್ಬರ ಹೆಸರಿನಲ್ಲಿಯೂ ಗುಡ್ಡದ ಉತಾರೆಯಿರಲಿಲ್ಲ. ಏಪ್ರಿಲದಲ್ಲಿ ಮೊದಲಿನ ಆಜ್ಞೆಯು ಮರಳಿ ಬಂದಿತು. ಸಂನ್ಯಾಸಿಗೆ ಮಕ್ಕಳಿಲ್ಲ, ಹುಟ್ಟದವರ ಪರವಾಗಿ ಮಾತನಾಡುವ ಅಧಿಕಾರ ಅವನಿಗೆಲ್ಲಿಯದೆಂದು ಕುಚೋದ್ಯಗಾರರು ಕೇಳಬಹುದು. ತನ್ನ ಮಕ್ಕಳೆಂಬವರಿಲ್ಲದ್ದರಿಂದಲೇ ಎಲ್ಲರ ಮಕ್ಕಳ ವಕಾಲತ್ತು ಅವನಿಗೆ ಒಪ್ಪುವದೆಂದು ಯಾರಾದರೂ ಉತ್ತರಕೊಟ್ಟರೆ ಅದನ್ನು ತೆಗೆದುಹಾಕುವದು ಕಷ್ಟ.

ಇಷ್ಟಕ್ಕೆ ಮಾತು ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಿತಾಕ್ಷರೆಯಲ್ಲಿಯೇ ಇನ್ನೊಂದು ಮಾತಿದೆ. ಆಪತ್ಕಾಲದಲ್ಲಿ, ಕುಟುಂಬದ ನಿರ್ವಾಹಕ್ಕಾಗಿ, ಧರ್ಮಕಾರ್ಯಕ್ಕಾಗಿ ಮನೆಯವನೊಬ್ಬನು ಸ್ಥಿರಾಸ್ತಿಯನ್ನಾದರೂ ಮಾರಬಹುದು. ಡೋಣಿಯ ಸೀಮೆಯಲ್ಲಿ ಮಳೆ ತಪ್ಪುವದು ಹೊಸದಲ್ಲ. ಮಳೆ ತಪ್ಪಿದ ವರ್ಷ ದುಡಿಯುವ ಕೈಗಳು ಗೋವೆಗೆ, ಮಂಗಳೂರಿಗೆ ಗುಳೆ ಹೋಗುವವು. ಗಣಿ ಬಂದರೆ ಮನೆಯ ಬಾಗಿಲಲ್ಲಿಯೇ ಕೂಲಿ ಸಿಕ್ಕೀತೆಂದು ಅಂಥವನೊಬ್ಬನು ಹೇಳಿದರೆ ಅವನನ್ನು ಲೋಭಿಯೆಂದು ಬೈಯಲು, ಗದಗಿನಲ್ಲಿ ನಳದ ನೀರು ಕುಡಿದು ಮಾಸಪತ್ರಿಕೆ ಓದುವವರಿಗೆ ಯಾವ ಅಧಿಕಾರವಿದೆ? ಅವನದು ಆಪತ್ಕಾಲವಲ್ಲವೆಂದು ಹೇಳತಕ್ಕವರು ಅವನ ಹಸಿವೆಯ ಲೆಕ್ಕವನ್ನೂ ಹೇಳಬೇಕಾಗುವದು. ಅವನಿಗೆ ಕೊಡಬಹುದಾದ ಉತ್ತರವು ಇಷ್ಟೇ: ಆಪತ್ತಿಗಾಗಿ ಮಾರಿದ ಸೊತ್ತಿನ ಹಣವು ಆಪತ್ತಿನವನ ಮನೆಗೆ ಬರಬೇಕು. ಗಣಿಯ ಬಂಗಾರದಲ್ಲಿ ಅವನ ಪಾಲಿಗೆ ಬರುವದು ಕೆಲವು ವರ್ಷಗಳ ಕೂಲಿ. ಬರಗಾಲವು ಮತ್ತೆ ಮತ್ತೆ ಬರುವದು, ಗುಡ್ಡವನ್ನು ಒಮ್ಮೆ ಮಾತ್ರ ಮಾರಬಹುದು. ಉತ್ತರವು ಸರಿಯಾದದ್ದೇ, ಹಸಿದವನ ಮುಂದೆ ಅದನ್ನು ಹೇಳುವಾಗ ದನಿ ತಗ್ಗದಿದ್ದರೆ ಹೇಳಿದವನಲ್ಲಿ ಏನೋ ಊನವಿದೆಯೆಂದು ತಿಳಿಯಬೇಕು.

ಇನ್ನೊಂದು ತೊಡಕು. 2019ರ ಮೇ ತಿಂಗಳಲ್ಲಿ ಕಪ್ಪತಗುಡ್ಡದ 244.15 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಸಿದ್ಧಲಿಂಗ ಸ್ವಾಮಿಗಳು ಅದನ್ನು ಕಾಣಲಿಲ್ಲ. 2018ರ ಅಕ್ಟೋಬರದಲ್ಲಿ ಅವರು ಲಿಂಗೈಕ್ಯರಾಗಿದ್ದರು. ಕಾಯಿದೆಯ ಬೇಲಿಯು ಗಣಿಗಾರನನ್ನು ತಡೆಯುವದು. ಅದೇ ಬೇಲಿಯ ಎದುರಿಗೆ ಕುರಿಗಾರನೂ ಬೇರು ಅಗೆಯುವವನೂ ಬಂದು ನಿಲ್ಲುವರು. ಪಾಲುದಾರರ ಸೊತ್ತನ್ನು ಕಾಯುವ ಭರದಲ್ಲಿ ಪಾಲುದಾರನನ್ನೇ ಅಂಗಳದಲ್ಲಿ ನಿಲ್ಲಿಸಿದಂತಾಗಬಾರದು. ಹಾಗೆಂದು ಹಳ್ಳಿಯವನೇನು ನಿರ್ದೋಷಿಯಲ್ಲ. ಹೊಸ ಹುಲ್ಲು ಚಿಗುರಲೆಂದೋ, ಬೀಡಿಯ ಅಜಾಗ್ರತೆಯಿಂದಲೋ ಒಣಹುಲ್ಲಿಗೆ ತಗಲಿದ ಬೆಂಕಿಯು ಬೇಸಿಗೆಯಲ್ಲಿ ಗುಡ್ಡವನ್ನು ಸುಡುವದುಂಟು. ಆ ಬೆಂಕಿಗೆ ಯಾವ ಕಂಪನಿಯೂ ಕಾರಣವಲ್ಲ. ಚಳಿ ಇಳಿಯುತ್ತಲೇ ಅರಣ್ಯ ಇಲಾಖೆಯವರು ಇಳಿಜಾರಿನುದ್ದಕ್ಕೂ ಹುಲ್ಲನ್ನು ಸವರಿ ಬೆಂಕಿರೇಖೆ ಎಳೆಯುವರು. ಆ ರೇಖೆಯನ್ನು ಕೂಲಿಗೆ ನಿಂತು ಸವರುವ ಕೈಗಳು ಬುಡದ ಹಳ್ಳಿಗಳವೇ.