ಕಾಣದ ನೀರು ಮತ್ತು ಅನುಪಲಬ್ಧಿ
ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಅಭಾವದ ಅರಿವಿಗೆ ಸ್ವತಂತ್ರ ಪ್ರಮಾಣವೆಂದು ಒಪ್ಪಿದ ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆಯು, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿಗೆ ಮಾತ್ರ ಆ ಪ್ರಮಾಣ ಸಲ್ಲುತ್ತದೆಂದು ಷರತ್ತು ವಿಧಿಸಿತು. ಈ ಷರತ್ತಿನ ಬೆಲೆ ಕರ್ನಾಟಕ ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಸ್ಪಷ್ಟವಾಗುತ್ತದೆ. ಪ್ರೊಪೆಲ್ಲರ್ ದಂಡಕ್ಕೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು, ಎಂದರೆ ನೀರನ್ನು ತಡೆಯುವ ರಬ್ಬರ್ ಬಳೆಯನ್ನು, ಕೊಯ್ದಾಗ ಗೇರ್ ಪೆಟ್ಟಿಗೆಗೆ ನುಗ್ಗುವ ನೀರು ಎಣ್ಣೆಯೊಡನೆ ಬೆರೆತು ಅದನ್ನು ಹಾಲಿನಂತೆ ಬಿಳಿಚಿಸುತ್ತದೆ. ಆದರೆ ಎಂಜಿನ್ ನಿಂತಿದ್ದಾಗ ಬೇರ್ಪಟ್ಟ ನೀರು ತಳಕ್ಕಿಳಿಯುವುದರಿಂದ, ಪೆಟ್ಟಿಗೆಯ ಮೇಲಿನ ರಂಧ್ರದಲ್ಲಿ ತಿಳಿಯಾಗಿ ಕಂಡ ಎಣ್ಣೆ ಏನನ್ನೂ ಸಾಧಿಸದು. ಕೆಳಗಿನ ತಿರುಪನ್ನು ಸಡಿಲಿಸಿ ಮೊದಲ ಹನಿಗಳನ್ನು ಪರೀಕ್ಷಿಸಿದವನದೇ ಯೋಗ್ಯಾನುಪಲಬ್ಧಿ, ಕಾಣಲು ತಕ್ಕ ಸ್ಥಿತಿಯಲ್ಲಿನ ಕಾಣದಿರುವಿಕೆ. ತಿರುಪಿನ ವಾಷರ್ ಬದಲಿಸಿ, ಗಾಳಿ ಉಳಿಯದಂತೆ ಕೆಳರಂಧ್ರದಿಂದಲೇ ಹೊಸ ಎಣ್ಣೆ ಏರಿಸಿದ ಮೇಲೂ ನೀರು ಕಂಡರೆ, ಸೀಲನ್ನು ಸರಿಪಡಿಸದೆ ದೋಣಿಯನ್ನು ಕಡಲಿಗಿಳಿಸುವುದು ಅದರಲ್ಲಿ ಕೂರುವವರ ಪ್ರಾಣದ ವಿರುದ್ಧ ಎಸಗುವ ಅಪರಾಧವೇ ಸರಿ.